ದಾನಿಯ ಮುಖಕ್ಕೆ ಎಂಟು ಶಾರ್ಪಿ

ಕತ್ತಲಲ್ಲಿ ಮಾಡಿದ ದಾನ ಫೋಟೋದಲ್ಲಿ ಬೀಳುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹೇಳಿದವರ ಕಾಲದಲ್ಲಿ ವಾಟ್ಸಾಪ್ ಸ್ಟೇಟಸ್ ಇರಲಿಲ್ಲ. ಈಗ ಎಡಗೈ ಹಾಗಿರಲಿ, ಎಡಗೈಯಲ್ಲಿರುವ ಮೊಬೈಲಿಗೆ ತಿಳಿಯದೆ ಹೋದರೆ ಕೊಟ್ಟದ್ದೇ ದಂಡ. ಆದ್ದರಿಂದ ಪರೋಪಕಾರಕ್ಕೆ ಮೊದಲು ಬೇಕಾದದ್ದು ಕರುಣೆ ಎಂದುಕೊಂಡಿರುವವರು ದಯವಿಟ್ಟು ತಿದ್ದಿಕೊಳ್ಳಬೇಕು. ಮೊದಲು ಬೇಕಾದದ್ದು ಲೈಟು. ಅದರಲ್ಲೂ ಎಲ್‌ಇಡಿ ಪಾರ್ ಹದಿನಾರು, ಶಾರ್ಪಿ ಎಂಟು, ಟ್ರಸ್ ಒಂದು ಸೆಟ್ಟು, ಹೊಗೆ ಬಿಡುವ ಮಿಷನ್ನು ಎರಡು. ಇಷ್ಟು ಒದಗಿದ ಮೇಲೆ ಕರುಣೆಯನ್ನು ನಿರೂಪಕಿ ತಾನೇ ಮೈಕಿನಲ್ಲಿ ಹುಟ್ಟಿಸುತ್ತಾಳೆ.

ನಮ್ಮ ಕತೆ ನಡೆಯುವ ತಾಳವಾಡಿ ಎಲ್ಲಿದೆ ಎಂದು ಬೆಂಗಳೂರಿನವರಿಗೆ ತಿಳಿಸುವುದಕ್ಕೆ ಒಂದೇ ದಾರಿ: ರಾಜಕುಮಾರ್ ಅವರ ಊರು ಗಾಜನೂರು ಇರುವ ಸೀಮೆ. ಅದೂ ಹೊಳೆಯದಿದ್ದರೆ, 2000ನೇ ಇಸವಿ ಜುಲೈ 30ರ ರಾತ್ರಿ ವೀರಪ್ಪನ್ ಅಣ್ಣಾವ್ರನ್ನು ಹೊತ್ತೊಯ್ದದ್ದು ಅಲ್ಲಿಂದಲೇ ಎನ್ನಬೇಕು. ಆಗ "ಓಹೋ" ಎನ್ನುತ್ತಾರೆ. 108 ದಿನ ಇಡೀ ಕರ್ನಾಟಕ ಆ ದಿಕ್ಕಿಗೇ ಕಣ್ಣು ನೆಟ್ಟು ಕೂತಿತ್ತು. ನವೆಂಬರ್ 15ಕ್ಕೆ ಅಣ್ಣಾವ್ರು ಬಿಡುಗಡೆಯಾದರು, ಕರ್ನಾಟಕ ಕಣ್ಣು ಕಿತ್ತು ಬೇರೆ ಕಡೆ ನೆಟ್ಟಿತು. ಆಮೇಲೆ ಈ ಕಡೆಗೆ ಕ್ಯಾಮೆರಾ ಬರುವುದು ಹೆಚ್ಚಾಗಿ ದೀಪಾವಳಿ ಮುಗಿದ ಮೇಲೆ, ಗುಮಟಾಪುರದ ಬೀರೇಶ್ವರನ ಗುಡಿಯ ಬಳಿ ಗೋರೆಹಬ್ಬದಲ್ಲಿ ಜನ ಸಗಣಿ ಎರಚಾಡುವುದನ್ನು ಹಿಡಿಯಲು. ಸಗಣಿಗೆ ಸಿಕ್ಕುವ ಪ್ರಚಾರ ಶಾಲೆಗೆ ಸಿಕ್ಕುವುದಿಲ್ಲ ಎಂಬುದು ಅಲ್ಲಿಯ ಮೇಷ್ಟ್ರುಗಳ ಹಳೆಯ ದೂರು.

ತಾಳವಾಡಿಗೆ ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ಮನೆಮಾತಿಗೆ ಕನ್ನಡ, ಸಂತೆಗೆ, ಸೀರೆಗೆ, ಸಿನಿಮಾಕ್ಕೆ ಚಾಮರಾಜನಗರ. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದವರು ಘಟ್ಟದ ಮೇಲಿನ ಈ ಕನ್ನಡದ ಬಯಲನ್ನು ಘಟ್ಟದ ಕೆಳಗಿನವರ ಲೆಕ್ಕದಲ್ಲೇ ಬಿಟ್ಟು ಎದ್ದುಹೋದರು. ಜಿಲ್ಲಾಧಿಕಾರಿಗೆ ಒಂದು ಅರ್ಜಿ ಕೊಡಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲ ದಾಟಿ, ಒಟ್ಟು ನೂರು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು. ಚಾಮರಾಜನಗರವಾದರೋ ಗಂಟೆಯೊಳಗಿನ ದಾರಿ; ಆದರೆ ಅಲ್ಲಿಯ ಜಿಲ್ಲಾಧಿಕಾರಿ ನಮ್ಮವರಲ್ಲ.

ಈ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಸಹಾಯಾರ್ಥ ಸಂಗೀತ ಸಂಜೆ ನಡೆಯಿತು ಎಂದಿಟ್ಟುಕೊಳ್ಳಿ. ಶಾಲೆಯ ಹೆಸರು ಕೇಳಬೇಡಿ. ಬೆಟ್ಟದ ಮೇಲೂ ಕೆಳಗೂ ಇಂಥ ಸಂಜೆಗಳಿಗೆ ಪ್ಲಾಸ್ಟಿಕ್ ಕುರ್ಚಿ ಸವೆಸಿದ ಮೇಲೆ ಎಲ್ಲವನ್ನೂ ಒಂದೇ ಶಾಮಿಯಾನದಡಿ ಕೂರಿಸಿದ್ದೇನೆ, ಅಷ್ಟೇ. ಯಾರಿಗಾದರೂ ಇದು ತಮ್ಮ ಶಾಲೆಯದೇ ಅನ್ನಿಸಿದರೆ ಅದು ಕಾಕತಾಳೀಯ. ಅಂಥವರು ಹೋದ ವರ್ಷದ ಲೈಟಿನ ಬಿಲ್ಲನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಸಹಾಯ ಯಾರಿಗೆ? ಕನ್ನಡ ಟೀಚರಿಗೆ. ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ತಮಿಳು ಕಲಿಕೆ ಕಡ್ಡಾಯ, ಅದನ್ನು ಕಲಿಸುವವರು ಹೇಗೋ ಬರುತ್ತಾರೆ. ಕನ್ನಡದ ಮೇಷ್ಟ್ರು ನಿವೃತ್ತರಾದರೆ ಆ ಕುರ್ಚಿಯ ಮೇಲೆ ಮೊದಲು ಧೂಳು ಕೂರುತ್ತದೆ, ಆಮೇಲೆ ಪಿ.ಟಿ.ಎ. ಟೀಚರು. ಅಂದರೆ ಪೋಷಕರೇ ಚಂದಾ ಎತ್ತಿ ಇಟ್ಟುಕೊಂಡ ಟೀಚರು. 2022ರಲ್ಲಿ ಶಾಲಾ ಆಡಳಿತ ಸಮಿತಿಗಳ ಮೂಲಕ ತಾತ್ಕಾಲಿಕ ಶಿಕ್ಷಕರನ್ನು ತೆಗೆದುಕೊಳ್ಳಲು ಸರ್ಕಾರ ಹೇಳಿದಾಗ ಅದು ಮೊದಲು ಗೊತ್ತುಮಾಡಿದ ಸಂಬಳವೇ ದರ್ಜೆಗೆ ತಕ್ಕಂತೆ 7,500, 10,000, 12,000 ರೂಪಾಯಿ. ಚಂದಾದ ಟೀಚರಿಗೆ ಅಷ್ಟೂ ಇರುವುದಿಲ್ಲ. ನಮ್ಮ ಕತೆಯ ಟೀಚರಿಗೆ ತಿಂಗಳಿಗೆ 6,000. ವರ್ಷದಲ್ಲಿ ಹತ್ತು ತಿಂಗಳು ಪಾಠ, 60,000 ರೂಪಾಯಿ. ಈ ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಸಮಿತಿ ಸಭೆ ಶಾಲೆಯ ವರಾಂಡದಲ್ಲಿ ಸೇರಿತು. ಹೆಡ್‌ಮಾಸ್ಟರು, ಎಲೆಕೋಸು ಬೆಳೆಯುವ ಅಧ್ಯಕ್ಷರು, ಬೆಳ್ಳುಳ್ಳಿ ಬೆಳೆಯುವ ಉಪಾಧ್ಯಕ್ಷರು, ಮತ್ತು ಬೆಂಗಳೂರಿನಲ್ಲಿ ಏನೋ ಒಂದು ಮಾಡುವ ಹಳೆಯ ವಿದ್ಯಾರ್ಥಿ. ಪ್ರತಿ ಊರಿಗೂ ಒಬ್ಬ ಹಳೆಯ ವಿದ್ಯಾರ್ಥಿ ಇರುತ್ತಾನೆ. ಓದಿದ ಶಾಲೆಗೆ ಏನಾದರೂ ವಾಪಸ್ಸು ಕೊಡಬೇಕು ಎಂದು ಅವನಿಗೆ ತಹತಹ. ಕೊಡುವುದಕ್ಕೆ ಅವನ ಹತ್ತಿರ ಇರುವುದು ಐಡಿಯಾ ಮಾತ್ರ.

ಅಧ್ಯಕ್ಷರು ಮೊದಲು ಬಾಯಿಬಿಟ್ಟರು. "ಮೂರು ಟ್ಯೂಬ್‌ಲೈಟ್ ಕಟ್ಟಿ, ಅತ್ಲಾಗೊಂದು ಇತ್ಲಾಗೊಂದು ಫೋಕಸ್ ಹಾಕ್ಬುಟ್ರ ಆಗೋಯ್ತದ ಕನಪ್ಪ. ಮಾರಮ್ಮನ ಹಬ್ಬದ ನಾಟಕಕ್ಕೂ ಅಷ್ಟೇ ಅಲ್ವ ಹಾಕದು?"

"ಅಣ್ಣ, ಅದು ನಾಟಕ. ಇದು ಈವೆಂಟು," ಎಂದ ಹಳೆಯ ವಿದ್ಯಾರ್ಥಿ.

ಆ ಒಂದು ಮಾತಿಗೆ ವರಾಂಡ ತಣ್ಣಗಾಯಿತು. ಈವೆಂಟಿಗೆ ಟ್ಯೂಬ್‌ಲೈಟ್ ಕಟ್ಟುವ ಧೈರ್ಯ ಆ ಬೆಟ್ಟದಲ್ಲಿ ಯಾರಿಗೂ ಇರಲಿಲ್ಲ. ಅವನು ಮೊಬೈಲು ತೆಗೆದು ಕೋಟ್ಯಧಿಪತಿ ಮನೆಯ ಮದುವೆಯ ಸಂಗೀತದ ವಿಡಿಯೋ ತೋರಿಸಿದ. ಬೆಳಕು ಆಕಾಶಕ್ಕೆ ಏಣಿ ಹಾಕಿತ್ತು. ಉಪಾಧ್ಯಕ್ಷರು ಕೇಳಿದರು, "ಇದ್ರಲ್ಲಿ ಮಕ್ಕಳು ಎಲ್ಲಿ ಕಾಣ್ತವ?" ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಸಭೆಯ ನಡಾವಳಿ ಪುಸ್ತಕದಲ್ಲೂ ಅದು ಬರಲಿಲ್ಲ. ಇಡೀ ಸಭೆಯಲ್ಲಿ ಆಡಿದ ಒಂದೇ ಬುದ್ಧಿಯ ಮಾತು ಅದು.

ಚಾಮರಾಜನಗರದಲ್ಲೇ ಲೈಟಿನವರಿದ್ದಾರೆ. ಹತ್ತಿರ, ಪರಿಚಯ, ಬಾಕಿಗೂ ಬಿಡುತ್ತಾರೆ. ಹಳೆಯ ವಿದ್ಯಾರ್ಥಿಗೆ ಅವರು ಒಗ್ಗಲಿಲ್ಲ; ಹತ್ತಿರದವರ ಬೆಳಕಿಗೆ ಗತ್ತು ಇರುವುದಿಲ್ಲವಂತೆ. ಕೊಯಮತ್ತೂರಿನಿಂದ ಕೊಟೇಶನ್ ತರಿಸಿದ. ಅದರ ಲೆಕ್ಕ ಹೀಗಿತ್ತು: ಪಾರ್ ಹದಿನಾರು, ಒಂದಕ್ಕೆ 400ರಂತೆ 6,400. ಶಾರ್ಪಿ ಎಂಟು, ಒಂದಕ್ಕೆ 1,500ರಂತೆ 12,000. ಅವನ್ನು ನೇತುಹಾಕುವ ಟ್ರಸ್ಸು 10,000. ಹೊಗೆಯ ಮಿಷನ್ನು ಎರಡು, 2,000. ಆಪರೇಟರು, ಹುಡುಗರು, ಅವರ ಬಾಟಾ, ಬಿರಿಯಾನಿ 5,600. ಜನರೇಟರು, ಡೀಸೆಲ್ಲು 12,000. ಗಾಡಿ ಬಾಡಿಗೆ 6,000.

ಕೂಡಿದರೆ 54,000. ಇಲ್ಲಿಗೆ ಮುಗಿಯಲಿಲ್ಲ. ದಿಂಬಂ ಘಾಟಿಯಲ್ಲಿ ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತವೆಂದು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ರಾತ್ರಿ ಸಂಚಾರಕ್ಕೆ ತಡೆ ಬಿದ್ದಿದೆ. ಊರವರು ಪ್ರತಿಭಟಿಸಿದರು, ಆಮೇಲೆ ಒಂದಿಷ್ಟು ಸಡಿಲಿಕೆಯೂ ಆಯಿತು. ಆದರೆ ಕಾರ್ಯಕ್ರಮ ಮುಗಿಸಿ, ಟ್ರಸ್ಸು ಬಿಚ್ಚಿ, ನಡುರಾತ್ರಿ ಗಾಡಿ ತುಂಬಿಕೊಂಡು ಘಾಟಿ ಇಳಿಯುತ್ತೇವೆ ಎಂದರೆ ನಡೆಯುವ ಮಾತಲ್ಲ. ಗಾಡಿ ಅಲ್ಲೇ ಮಲಗಬೇಕು, ಬೆಳಗ್ಗೆ ಏಳಬೇಕು, ಎರಡನೆಯ ದಿನದ ಬಾಡಿಗೆ ಎಣಿಸಿಕೊಳ್ಳಬೇಕು. ಇನ್ನೊಂದು 6,000.

ಈಗ ಜೇಬಿನಲ್ಲಿಟ್ಟುಕೊಂಡ ಅಂಕಿ ತೆಗೆಯಿರಿ. ಟೀಚರ ವರ್ಷದ ಸಂಬಳ 60,000. ಒಂದು ಸಂಜೆಯ ಲೈಟು 60,000. ಇಷ್ಟು ಸಲೀಸಾಗಿ ಲೆಕ್ಕ ಸರಿಹೊಂದುವುದು ಗಣಿತದ ಪುಸ್ತಕದಲ್ಲಿ ಮತ್ತು ನನ್ನಂಥವರ ಅಂಕಣದಲ್ಲಿ ಮಾತ್ರ. ವಾಸ್ತವದಲ್ಲಿ ಲೈಟೇ ಸ್ವಲ್ಪ ಹೆಚ್ಚಾಗಿರುತ್ತದೆ.

ಹೊಗೆಯ ಮಿಷನ್ನಿನ ಬಗ್ಗೆ ಒಂದು ಮಾತು. ಶಾರ್ಪಿಯ ಬೆಳಕಿನ ಕಂಬ ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಏನಾದರೂ ತೇಲುತ್ತಿರಬೇಕು, ಇಲ್ಲದಿದ್ದರೆ ಬೆಳಕು ಹೋದ ದಾರಿಯೇ ತಿಳಿಯದು. ಅದಕ್ಕೆ ಮಿಷನ್ನು ಹೊಗೆ ಉಗುಳುತ್ತದೆ. ಆ ಮಿಷನ್ನು ಹೊತ್ತು ತಂದ ಗಾಡಿ ದಿಂಬಂನಲ್ಲಿ ಮುಂದಿನ ತಿರುವು ಕಾಣದಷ್ಟು ಮಂಜು ಎಂದು ಅರ್ಧ ಗಂಟೆ ನಿಂತಿತ್ತು. ಆ ಮಂಜು ಪುಕ್ಕಟೆ. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ಜಿ.ಎಸ್.ಟಿ. ಬಿಲ್ಲು ಹಾಕಲು ಬರುವುದಿಲ್ಲ.

ಇನ್ನು ಕರೆಂಟಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಂಥ ಸಂಜೆಗಳ ನಿಜವಾದ ಹಾಸ್ಯ ಇರುವುದು ಮೀಟರ್ ಬೋರ್ಡಿನಲ್ಲಿ. ಹಿಂದೆ ಪಾರ್ ಎಂದರೆ 1,000 ವಾಟ್ ಹ್ಯಾಲೋಜನ್ ಬಲ್ಬು. ಅಂಥ ಹನ್ನೆರಡು ಹಚ್ಚಿದರೆ 12 ಕಿಲೋವಾಟ್, 230 ವೋಲ್ಟಿನಲ್ಲಿ 52 ಆಂಪ್. ಹಳ್ಳಿಯ ಶಾಲೆಯ ಸಿಂಗಲ್ ಫೇಸು ಅಷ್ಟನ್ನು ಕೇಳಿದರೆ ಫ್ಯೂಸಿಗಿಂತ ಮೊದಲು ಹೆಡ್‌ಮಾಸ್ಟರು ಹಾರಿಬೀಳುತ್ತಾರೆ. ಆದ್ದರಿಂದ ಆ ಕಾಲದಲ್ಲಿ ಜನರೇಟರು ನಿಜವಾಗಿ ಬೇಕಿತ್ತು. ಈಗಿನ ಎಲ್‌ಇಡಿ ಪಾರಿನಲ್ಲಿ 3 ವಾಟಿನ ಸಣ್ಣ ದೀಪಗಳು 54. ಎಲ್ಲವೂ ಪೂರ್ತಿ ಉರಿದರೂ 162 ವಾಟ್. ಹದಿನಾರಕ್ಕೆ 2.6 ಕಿಲೋವಾಟ್ ಸಹ ಇಲ್ಲ, ಮನೆಯ ಗೀಸರಿಗಿಂತ ಚೂರು ಹೆಚ್ಚು. ಬೆಳಕಿನ ಖರ್ಚು ಹೀಗೆ ನೆಲಕಚ್ಚಿದಾಗ ಜಾಣರು ಏನು ಮಾಡಬೇಕು? ಉಳಿದದ್ದನ್ನು ಟೀಚರಿಗೆ ಕೊಡಬೇಕು. ನಮ್ಮವರು ಉಳಿದದ್ದಕ್ಕೆ ಶಾರ್ಪಿ ತಂದರು.

ಶಾರ್ಪಿ ಇಟಲಿಯ ಕಂಪನಿಯೊಂದು ಮಾಡಿದ ದೀಪ. ಈಗ ನಮ್ಮಲ್ಲಿ ಅಂಥ ಕೆಲಸ ಮಾಡುವ ಎಲ್ಲ ದೀಪಕ್ಕೂ ಶಾರ್ಪಿ ಎಂದೇ ಹೆಸರು. ಅದರ ಬೆಳಕು ನಾಲ್ಕು ಡಿಗ್ರಿಯಷ್ಟೂ ಅಗಲಿಸುವುದಿಲ್ಲ. ಹತ್ತು ಮೀಟರ್ ದೂರದಿಂದ ಬಿಟ್ಟರೆ ಒಬ್ಬ ಮನುಷ್ಯನ ತಲೆ, ಹೆಗಲು, ಅವನು ಹೊದ್ದ ಶಾಲು, ಅಷ್ಟಕ್ಕೆ ಸಾಕು. ಸಾಲಾಗಿ ನಿಂತ ಇಪ್ಪತ್ತು ಮಕ್ಕಳ ಮುಖ ಬೆಳಗುವುದು ಅದರ ಕೆಲಸವಲ್ಲ, ಅದಕ್ಕೆ ಬರುವುದೂ ಇಲ್ಲ. ಒಬ್ಬನ ಮುಖವನ್ನು ಮಾತ್ರ ಬೆಳಗುವ ಯಂತ್ರವೊಂದು ಬಂದದ್ದೇ ತಡ, ಸಹಾಯಾರ್ಥ ಸಂಜೆಗಳು ಅದನ್ನು ಗುರುತು ಹಿಡಿದು ಅಪ್ಪಿಕೊಂಡವು.

ಬೆಳಕಿನ ಹುಚ್ಚೇನೂ ಹೊಸದಲ್ಲ. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಸುಣ್ಣದ ತುಂಡನ್ನು ಅನಿಲದ ಜ್ವಾಲೆಯಲ್ಲಿ ಕಾಯಿಸಿ ಅದರ ಬಿಳಿ ಬೆಳಕನ್ನು ನಟರ ಮೇಲೆ ಬಿಟ್ಟರು. 1881ರಲ್ಲಿ ಅದೇ ಊರಿನ ಸವಾಯ್ ಥಿಯೇಟರಿಗೆ ವಿದ್ಯುದ್ದೀಪ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಶಿವನಸಮುದ್ರ ತಾಳವಾಡಿಗೆ ನೂರು ಕಿಲೋಮೀಟರಿನೊಳಗೇ; ಆದರೆ ತಂತಿ ಚಿನ್ನ ಇರುವ ಕಡೆಗೆ ತಿರುಗುತ್ತದೆ, ರಾಗಿ ಇರುವ ಕಡೆಗಲ್ಲ.

ಗುಬ್ಬಿ ವೀರಣ್ಣನವರ ಕಂಪನಿ ಬೆಳಕಿಗೂ ಸೀನಿಗೂ ಖರ್ಚು ಮಾಡುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ಗಾಜನೂರಿನ ಹುಡುಗ ಮುತ್ತುರಾಜನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಆ ಕಂಪನಿಯ ನಟರು, ಮಗ ಬಣ್ಣ ಹಚ್ಚಿದ್ದೂ ಅಲ್ಲೇ. ಆ ಕಾಲದ ಕಂಪನಿಗಳು ಒಂದು ಊರಿನಲ್ಲಿ ಕ್ಯಾಂಪು ಹಾಕಿ, ಬಿಡುವ ಮುಂಚೆ ಆ ಊರಿನ ಶಾಲೆಗೋ ಗುಡಿಗೋ ಒಂದು ಸಹಾಯಾರ್ಥ ಆಟ ಆಡುವುದಿತ್ತು. ಸೀನೂ ಅವರದೇ, ಲೈಟೂ ಅವರದೇ, ಬಂದ ಕಲೆಕ್ಷನ್ನು ಊರಿನದು. ಮುಂದೆ ಅದೇ ಮುತ್ತುರಾಜ ರಾಜಕುಮಾರ್ ಆಗಿ ಸಹಾಯಾರ್ಥ ರಸಮಂಜರಿಗಳಲ್ಲಿ ಹಾಡಿದರು, ಜನ ಹಾಡಿಗೆಂದೇ ಬಂದರು. ಅಲ್ಲಿ ಲೈಟು ಏನಿತ್ತು ಎಂದು ಯಾರಾದರೂ ನೆನಪಿಟ್ಟುಕೊಂಡಿದ್ದರೆ ಅವರು ಲೈಟಿನವರೇ ಇರಬೇಕು.

ಬೆಳಕನ್ನೇ ಕಲೆ ಮಾಡಿಕೊಂಡವರನ್ನು ನಾನು ತಳ್ಳಿಹಾಕುತ್ತಿಲ್ಲ. 1959ರಲ್ಲಿ ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ ಅಂಗಾರ್ ನಾಟಕಕ್ಕೆ ತಾಪಸ್ ಸೇನ್ ಬೆಳಕು ಕೊಟ್ಟರು. ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕೂಲಿಗಳು ಮುಳುಗುವುದನ್ನು ಒಂದು ಹನಿ ನೀರಿಲ್ಲದೆ ಬೆಳಕಿನಲ್ಲೇ ತೋರಿಸಿದರು. ಅಲ್ಲಿ ಬೆಳಕು ಮುಳುಗುವವರ ಮೇಲಿತ್ತು. ಗಣಿಯ ಮಾಲೀಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅವರ ಮೇಲೆ ಬಿಟ್ಟಿರಲಿಲ್ಲ.

ಸಂಜೆಗೆ ಬರೋಣ. ಆರೂವರೆಗೆ ಎಂದು ಪಾಂಪ್ಲೆಟ್ಟಿನಲ್ಲಿತ್ತು. ಮುಖ್ಯ ಅತಿಥಿ ಬರುವಾಗ ಎಂಟು. ಎಂಟು ಶಾರ್ಪಿಗಳೂ ಒಟ್ಟಿಗೆ ತಲೆ ಎತ್ತಿ, ಗೇಟಿನಿಂದ ವೇದಿಕೆಯವರೆಗೆ ಅವರನ್ನು ಹಿಂಬಾಲಿಸಿದವು. ಆಮೇಲೆ ಬೆಳಕು ಒಮ್ಮೆ ಆಕಾಶಕ್ಕೆ ಹೋಗಿ ಕಾಡಿನ ಕಡೆ ಬಾಗಿತು. ಕಾಡು ಎಂದರೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, 2013ರಲ್ಲಿ ಘೋಷಣೆಯಾದದ್ದು, 1,408 ಚದರ ಕಿಲೋಮೀಟರು. ಹುಲಿಗಳ ಸಂಖ್ಯೆ ಹೆಚ್ಚಿಸಿದ್ದಕ್ಕೆ 2022ರಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದ ಕಾಡು. ಅಷ್ಟು ಕೆಲಸ ಶಾರ್ಪಿ ಇಲ್ಲದೆ ಹೇಗಾಯಿತೋ ತಿಳಿಯದು. ಆನೆಗಳಂತೂ ಎಲೆಕೋಸಿನ ಹೊಲಕ್ಕೆ ದಿನಾ ಬರುವ ಗಿರಾಕಿಗಳು. ಕರುಪ್ಪನ್ ಎಂದು ಹೆಸರು ಪಡೆದಿದ್ದ ಆನೆಯೊಂದು ಹಲವು ಸಲ ತಪ್ಪಿಸಿಕೊಂಡು 2023ರ ಏಪ್ರಿಲ್‌ನಲ್ಲಿ ಸೆರೆ ಸಿಕ್ಕಿತು. ಅದರ ಬಂಧುಬಳಗ ಇನ್ನೂ ಹೊರಗಿದೆ. ಆಕಾಶದಲ್ಲಿ ಬಿಳಿ ಕಂಬಗಳು ಓಡಾಡುವುದನ್ನು ಕಂಡು ಹಿಂದಿನ ಸಾಲಿನ ಅಜ್ಜನೊಬ್ಬ ಪಕ್ಕದವನಿಗೆ, "ಲೋ, ನಮ್ ಹೊಲದ ಕಡೀಕೆ ಬುಡ್ಬ್ಯಾಡ ಅಂತ ಹೇಳ್ಲಾ. ಎದ್ದು ಬಂದ್ಬುಟ್ಟಾವು," ಎಂದ.

ಮೊದಲ ಒಂದೂವರೆ ಗಂಟೆ ಸನ್ಮಾನ. ಅತಿಥಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪೇಟಕ್ಕೊಂದು ಬೆಳಕು, ಬುಟ್ಟಿಗೊಂದು ಬೆಳಕು. ದಾನಿಗಳನ್ನು ಒಬ್ಬೊಬ್ಬರಾಗಿ ಕರೆದರು. ಐನೂರು ಕೊಟ್ಟವರಿಗೂ ಒಂದು ಸುತ್ತು ಕೆಂಪು, ಐದು ಸಾವಿರ ಕೊಟ್ಟವರಿಗೆ ಕೆಂಪು, ನೀಲಿ, ಹೊಗೆ. ಟೀಚರನ್ನು ವೇದಿಕೆಗೆ ಕರೆಯುವುದು ಮರೆತುಹೋಯಿತು. ಅವರು ಪರದೆಯ ಹಿಂದೆ ಮಕ್ಕಳಿಗೆ ಪಿನ್ನು ಚುಚ್ಚುತ್ತಿದ್ದರು, ಮೊಬೈಲಿನ ಬೆಳಕಿನಲ್ಲಿ.

ಒಂಬತ್ತೂವರೆಯ ಮೇಲೆ ಮಕ್ಕಳ ಸರದಿ. ಮೊದಲು ಕಂಸಾಳೆ. ಕೆಂಪು ಜುಬ್ಬಾ, ಹಳದಿ ಪಟ್ಟಿ, ಕೈಯಲ್ಲಿ ಹಿತ್ತಾಳೆಯ ಬಟ್ಟಲು. ಮಾದಪ್ಪನ ಹೆಸರು ಹೇಳಿ ಬಟ್ಟಲು ತಿರುಗಿಸಿದರೆ ಎರಡು ಸಾದಾ ಬಲ್ಬಿನ ಬೆಳಕಿಗೂ ಹಿತ್ತಾಳೆ ಮಿಂಚಬೇಕು. ಆಪರೇಟರಿಗೆ ಹಸಿರು ಇಷ್ಟ. ಹಸಿರು ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪಾಗುತ್ತದೆ. ಇದು ಆರನೆಯ ತರಗತಿಯ ಮಕ್ಕಳಿಗೂ ಗೊತ್ತಿರುವ ವಿಜ್ಞಾನ, ಆಪರೇಟರು ಮಾತ್ರ ಆ ತರಗತಿಗೆ ರಜೆ ಹಾಕಿದ್ದಿರಬೇಕು. ವೇದಿಕೆಯ ಮೇಲೆ ಹನ್ನೆರಡು ಕಪ್ಪು ಜುಬ್ಬಾ ಕುಣಿದವು. ಆಮೇಲೆ ಸೋಲಿಗರ ಮಕ್ಕಳ ಗೊರುಕನ. ಕಾಡಿನಲ್ಲಿ ಬೆಂಕಿಯ ಸುತ್ತ ಇರುಳೆಲ್ಲ ಹಾಡಿ ಕುಣಿಯುವ ಹಾಡಿಗೆ ಇಲ್ಲಿ ನಾಲ್ಕು ನಿಮಿಷ, ಜೊತೆಗೆ ಕಣ್ಣಿಗೆ ಹೊಡೆಯುವ ಮಿಣುಕು ಬೆಳಕು. ಸಣ್ಣ ಹುಡುಗಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ಕುಣಿದಳು. ಅದು ಸ್ಟೆಪ್ಪು ಎಂದು ಪ್ರೇಕ್ಷಕರು ಚಪ್ಪಾಳೆ ತಟ್ಟಿದರು.

ಓಬವ್ವನ ಏಕಪಾತ್ರಾಭಿನಯ ಬಂದಾಗ ಜನರೇಟರು ನಿಂತಿತು. ಡೀಸೆಲ್ಲೋ ಡೈನಮೋವೋ, ಆಮೇಲೂ ಒಮ್ಮತವಾಗಲಿಲ್ಲ. ಐದೂವರೆ ಕಿಲೋವಾಟಿನ ಲೈಟಿಗೆಂದು ತಂದಿದ್ದ 62 ಕೆ.ವಿ.ಎ. ಜನರೇಟರು ಅದು, ಒಂದು ಬೀದಿಗೆ ಬೆಳಕು ಕೊಡುವ ಯಂತ್ರ ಒಂದು ಒನಕೆಗೆ ಬೆಳಕು ಕೊಡಲಾರದೆ ಹೋಯಿತು. ಶಾಲೆಯ ಮಾಮೂಲಿ ಕರೆಂಟು ಇತ್ತು, ಆದರೆ ಈವೆಂಟಿಗೆ ಅದರ ತಂತಿ ಮುಟ್ಟಿಸುವಂತಿರಲಿಲ್ಲ. ಒಂದು ನಿಮಿಷ ಗವ್ವೆನ್ನುವ ಕತ್ತಲೆ. ಹುಡುಗಿ ಒನಕೆ ಎತ್ತಿದವಳು ಇಳಿಸಲಿಲ್ಲ, ಮಾತೂ ನಿಲ್ಲಿಸಲಿಲ್ಲ.

ತಾಳವಾಡಿಯಲ್ಲಿ ರಾತ್ರಿ ಮನೆಯಿಂದ ಹೊರಟ ರೈತನ ಕೈಯಲ್ಲಿ ಟಾರ್ಚು ಇದ್ದೇ ಇರುತ್ತದೆ. ಫರ್ಲಾಂಗು ದೂರದ ಆನೆಯ ಕಣ್ಣು ಕೋರೈಸುವ ಟಾರ್ಚು. ಎಡಗಡೆಯಿಂದ ಒಬ್ಬರು ಹಚ್ಚಿದರು. ಬಲಗಡೆಯಿಂದ ಇನ್ನೊಬ್ಬರು. "ಮುಸುಡಿಗೆ ಬುಡ್ಬ್ಯಾಡ್ರೋ, ಓರೆಯಾಗಿ ಹಿಡೀರಿ, ಮಗೀಗೆ ಕಣ್ಣು ಕತ್ತಲ ಬತ್ತದ," ಎಂದು ಯಾರೋ ಕೂಗಿದರು. ಕುರ್ಚಿಯ ಮೇಲೆ ನಿಂತು, ಕೈ ಮೇಲೆತ್ತಿ, ಎರಡೂ ಪಕ್ಕದಿಂದ ಓರೆಯಾಗಿ ಹಿಡಿದರು. ಒಬ್ಬರದು ಹಳೆಯ ಹಳದಿ ಬಲ್ಬು, ಇನ್ನೊಬ್ಬರದು ಹೊಸ ಬಿಳಿ ಎಲ್‌ಇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ರಂಗಬೆಳಕಿನ ಮೇಲೆ ಒಂದು ಪುಸ್ತಕ ಬರೆದ. ನಟನ ಮುಖಕ್ಕೆ ಎರಡು ಪಕ್ಕದಿಂದ, 45 ಡಿಗ್ರಿ ಓರೆಯಲ್ಲಿ, 45 ಡಿಗ್ರಿ ಮೇಲಿನಿಂದ, ಒಂದು ಬೆಚ್ಚಗಿನ ಬಣ್ಣದ್ದು ಒಂದು ತಣ್ಣಗಿನ ಬಣ್ಣದ್ದು ಬೆಳಕು ಕೊಡಿ, ಮುಖ ಜೀವಂತವಾಗಿ ಕಾಣುತ್ತದೆ ಎನ್ನುವುದು ಅದರ ತಿರುಳು. ಜಗತ್ತಿನ ನಾಟಕ ಶಾಲೆಗಳು ಇವತ್ತಿಗೂ ಮೊದಲು ಕಲಿಸುವುದು ಅದನ್ನೇ. ಎಲೆಕೋಸಿನ ಹೊಲದವರು ಅದನ್ನು ಆನೆಯ ಟಾರ್ಚಿನಲ್ಲಿ ಮಾಡಿ ಮುಗಿಸಿದರು. ಓಬವ್ವನ ಮುಖ, ಹಣೆಯ ಬೆವರು, ಒನಕೆಯ ಬೀಸು, ಕೊನೆಯ ಸಾಲಿನವರೆಗೂ ಕಂಡಿತು. ಆ ಸಂಜೆ ಒಂದು ಮಗುವಿನ ಮುಖ ನೆಟ್ಟಗೆ ಕಂಡದ್ದು ಆಗ ಮಾತ್ರ.

ಐದು ನಿಮಿಷದಲ್ಲಿ ಜನರೇಟರು ಸರಿಹೋಯಿತು ಎಂಬುದನ್ನು ವಿಷಾದದಿಂದ ತಿಳಿಸುತ್ತಿದ್ದೇನೆ.

ಲೆಕ್ಕಪತ್ರ ಮರುವಾರ ಮಂಡನೆಯಾಯಿತು. ಟಿಕೆಟ್ಟು, ಚಂದಾ, ದಾನ ಸೇರಿ ಬಂದದ್ದು 72,000. ಲೈಟಿಗೆ 60,000. ಪೇಟ, ಶಾಲು, ಬುಟ್ಟಿ, ನೆನಪಿನ ಕಾಣಿಕೆಗೆ 8,500. ಸೌಂಡಿನವರು ಊರವರೇ, ಬಾಡಿಗೆ ಬೇಡ ಎಂದರು; ಶಾಮಿಯಾನವೂ ಹಾಗೆಯೇ. ಉಳಿದ 3,500ರಲ್ಲಿ 1,800 ಒಂದು ಫ್ಲೆಕ್ಸ್ ಚೆಕ್ಕಿಗೆ ಹೋಯಿತು. ಎರಡಾಳುದ್ದದ ಚೆಕ್ಕನ್ನು ಇಬ್ಬರು ಹಿಡಿದು ಟೀಚರಿಗೆ ಕೊಟ್ಟ ಫೋಟೋ ನೀವು ನೋಡಿರಬಹುದು. ಅದರ ಮೇಲೆ ಬರೆದಿದ್ದ ಮೊತ್ತ 1,700. ಚೆಕ್ಕಿನ ಹಣಕ್ಕಿಂತ ಚೆಕ್ಕು ದುಬಾರಿ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ, ಮುಖ್ಯ ಅತಿಥಿಯ ಮೇಲೆ ಬೆಳಕು ಸಮನಾಗಿ ಬಿದ್ದಿದೆ.

ಲೈಟೇ ಬೇಡ ಎನ್ನುವ ವೈರಾಗ್ಯ ನನ್ನದಲ್ಲ. ಮಕ್ಕಳು ಒಂದು ತಿಂಗಳು ಕಲಿತದ್ದು ಅಪ್ಪ ಅಮ್ಮನಿಗೆ ಕಾಣಬೇಕು, ಅದಕ್ಕೆ ಬೆಳಕು ಬೇಕೇಬೇಕು. ಆದರೆ ಎಷ್ಟು? ಎಲೆಕ್ಟ್ರಿಕಲ್ ಅಂಗಡಿಯಲ್ಲಿ 50 ವಾಟಿನ ಎಲ್‌ಇಡಿ ಫ್ಲಡ್ ಲೈಟು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನಾಲ್ಕು ತನ್ನಿ. ವೇದಿಕೆಯ ಮುಂದೆ ಎಡಬಲಕ್ಕೆ ಎರಡು ಬಿದಿರು ನೆಟ್ಟು, ಎರಡಾಳು ಎತ್ತರದಲ್ಲಿ ಓರೆಯಾಗಿ ಕಟ್ಟಿ. ಬಣ್ಣ ಬೇಕೆನ್ನುವವರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಮೂರು ಸಾವಿರಕ್ಕೊಂದು ಸಾಧಾರಣ ಪಾರ್ ಕೊಳ್ಳಬಹುದು. ಅವೂ ನಾಲ್ಕು ಸಾಕು. ಎಲ್ಲ ಸೇರಿದರೂ ಶಾಲೆಯ ಸಿಂಗಲ್ ಫೇಸು ಒಂದು ಕಿಲೋವಾಟಿನ ಸುತ್ತ ಎಳೆಯುತ್ತದೆ, ಫ್ಯೂಸಿಗೂ ಹೆಡ್‌ಮಾಸ್ಟರಿಗೂ ಏನೂ ಆಗುವುದಿಲ್ಲ. ಒಂದು ಶಾಲೆಗೆ ಅದೂ ಭಾರವಾದರೆ ತಾಲ್ಲೂಕಿನ ಐದಾರು ಶಾಲೆ ಸೇರಿ ಒಂದು ಸೆಟ್ಟು ಕೊಂಡು, ಒಂದು ಟ್ರಂಕಿನಲ್ಲಿಟ್ಟು, ವಾರ್ಷಿಕೋತ್ಸವದ ತಾರೀಖು ಹಿಂದುಮುಂದು ಮಾಡಿಕೊಂಡರೆ ಹತ್ತು ವರ್ಷದ ಚಿಂತೆ ತೀರಿತು. ಹುಡುಗರೇ ಕಟ್ಟಲಿ, ಹುಡುಗಿಯರೇ ಸ್ವಿಚ್ಚು ಒತ್ತಲಿ. ವಿಜ್ಞಾನದ ಪಾಠವೂ ಆಯಿತು, ಬಿರಿಯಾನಿಯ ಬಾಟಾವೂ ಉಳಿಯಿತು.

ಈ ಯೋಜನೆಯಲ್ಲಿ ಒಂದೇ ಕೊರತೆ: ದಾನಿಯ ಹೆಸರು ಎಲ್ಲಿ ಬರೆಯುವುದು? ಗುಡಿಗೆ ಟ್ಯೂಬ್‌ಲೈಟ್ ಕೊಟ್ಟವರು ಅದರ ಪಟ್ಟಿಯ ಮೇಲೆಲ್ಲ ಕೆಂಪಕ್ಷರದಲ್ಲಿ ತಂದೆತಾಯಿಯ ಹೆಸರು, ಊರು, ಗೋತ್ರ ಬರೆಸಿ, ಬೆಳಕಿಗೆ ಹೊರಬರಲು ಜಾಗವೇ ಉಳಿಸದ ನಾಡು ನಮ್ಮದು. ಫ್ಲಡ್ ಲೈಟಿನ ಹಿಂಬದಿಯಲ್ಲಿ ಅಂಗೈಯಗಲ ಖಾಲಿ ಜಾಗವಿದೆ, ಅಲ್ಲಿ ಧಾರಾಳವಾಗಿ ಬರೆಸಬಹುದು. ಅದನ್ನೂ ಒಲ್ಲದವರಿಗೆ ತಮಿಳುನಾಡು ಸರ್ಕಾರವೇ 2022ರ ಡಿಸೆಂಬರಿನಲ್ಲಿ ನಮ್ಮ ಸ್ಕೂಲ್ ನಮ್ಮೂರ್ ಪಳ್ಳಿ ಎಂಬ ಯೋಜನೆ ತೆರೆದಿದೆ. ಹಳೆಯ ವಿದ್ಯಾರ್ಥಿಗಳು ಕೂತಲ್ಲಿಂದಲೇ ತಮ್ಮ ಶಾಲೆಗೆ ಹಣ ಕಳಿಸಬಹುದು. ಅಲ್ಲಿ ಹಣ ಹಾಕಿದರೆ ಲೆಕ್ಕ ಸಿಗುತ್ತದೆ, ಶಾಲು ಸಿಗುವುದಿಲ್ಲ. ಆ ದಾರಿ ಅನೇಕರಿಗೆ ಒಗ್ಗದಿರುವುದು ಅದಕ್ಕೇ ಎಂದು ನನ್ನ ಅನುಮಾನ.

ಡಿಸೆಂಬರಿನಿಂದ ಮಾರ್ಚಿನವರೆಗೆ ಸಹಾಯಾರ್ಥ ಸಂಜೆಗಳ ಸೀಸನ್ನು. ನಿಮಗೂ ಒಂದು ಆಮಂತ್ರಣ ಬಂದೇ ಬರುತ್ತದೆ. ಟಿಕೆಟ್ಟು ಕೊಳ್ಳುವ ಮುಂಚೆ ಎರಡೇ ಲೆಕ್ಕ ಕೇಳಿ: ಲೈಟಿನವರಿಗೆ ಎಷ್ಟು, ಟೀಚರಿಗೆ ಎಷ್ಟು. ಎರಡನೆಯದು ಕಡಿಮೆ ಇದ್ದರೆ ಟಿಕೆಟ್ಟು ಬೇಡ. ಆ ದುಡ್ಡನ್ನು ನೇರವಾಗಿ ಟೀಚರ ಸಂಬಳಕ್ಕೆ ಕಟ್ಟಿ, ರಸೀದಿ ಬರೆಸಿಕೊಂಡು, ಹಗಲು ಹೊತ್ತಿನಲ್ಲೇ ಮನೆಗೆ ಬನ್ನಿ.